ಜಗತ್ತಿನ ಸುದ್ದಿ ಓದಿ ಎರಡು ಪುಟ ಬರೆಯುವುದು ಹೇಗೆ

"ಇತ್ತೀಚಿನ ಒಂದು ಜಾಗತಿಕ ಸುದ್ದಿಯನ್ನು ಆರಿಸಿಕೊಂಡು ಅದರ ಮಹತ್ವದ ಬಗ್ಗೆ ನಿಮ್ಮ ಚಿಂತನೆಯನ್ನು ಬರೆಯಿರಿ" ಎಂಬ ಅಸೈನ್‌ಮೆಂಟ್ ಕೈಗೆ ಬಂದರೆ ಹೆಚ್ಚಿನ ವಿದ್ಯಾರ್ಥಿಗಳು ಒಂದೇ ಹಾದಿ ಹಿಡಿಯುತ್ತಾರೆ. ಮುಕ್ಕಾಲು ಭಾಗ ಸುದ್ದಿಯನ್ನೇ ಮತ್ತೆ ಹೇಳಿ, ಕೊನೆಯಲ್ಲಿ "ಈ ಘಟನೆ ಇಡೀ ಜಗತ್ತನ್ನೇ ಬೆಚ್ಚಿಬೀಳಿಸಿದೆ" ಎಂದು ಕೈತೊಳೆದುಕೊಳ್ಳುತ್ತಾರೆ. ಅಂಥ ಬರಹದಲ್ಲಿ ತಪ್ಪು ಅಂತ ಏನೂ ಇರುವುದಿಲ್ಲ. ಬರೆದವರದ್ದು ಅಂತಲೂ ಏನೂ ಇರುವುದಿಲ್ಲ.

ತೊಡಕಿರುವುದು "ಮಹತ್ವ" ಎಂಬ ಪದದಲ್ಲಿ. ಮಹತ್ವವನ್ನು ಘಟನೆಯ ಗಾತ್ರದಿಂದ ಅಳೆಯಲು ಹೋದರೆ ಎಲ್ಲ ಸುದ್ದಿಯೂ "ಭೀಕರ", "ಐತಿಹಾಸಿಕ", "ಅಭೂತಪೂರ್ವ" ಆಗಿಬಿಡುತ್ತದೆ. ಅದರ ಬದಲು ಹೀಗೆ ಕೇಳಿ: ಅಲ್ಲಿ ಆದದ್ದರ ಪರಿಣಾಮ ಯಾವ ದಾರಿ ಹಿಡಿದು, ಯಾರ ತನಕ, ಎಷ್ಟು ದಿನದಲ್ಲಿ ಮುಟ್ಟಿತು? ಈ ದಾರಿಯನ್ನು ತೋರಿಸಿದರೆ ಸಾಕು, ಅರ್ಧ ಬರಹ ಮುಗಿದಂತೆ.

ಸುದ್ದಿ ಆರಿಸುವಾಗ

"ಹವಾಮಾನ ಬದಲಾವಣೆ", "ಯುದ್ಧ", "ಕೃತಕ ಬುದ್ಧಿಮತ್ತೆ" ಇವು ಸುದ್ದಿಗಳಲ್ಲ, ವಿಷಯಗಳು. ಸುದ್ದಿ ಅಂದಮೇಲೆ ಅದಕ್ಕೊಂದು ತಾರೀಕು, ಒಂದು ಜಾಗ, ಒಂದು ಕ್ರಿಯಾಪದ ಇರಬೇಕು. "2022ರ ಜನವರಿ 15ರಂದು ಟೊಂಗಾದ ಬಳಿ ಸಮುದ್ರದಡಿಯ ಜ್ವಾಲಾಮುಖಿ ಸಿಡಿದು, ದೇಶವನ್ನು ಹೊರಜಗತ್ತಿಗೆ ಜೋಡಿಸುತ್ತಿದ್ದ ಇಂಟರ್ನೆಟ್ ಕೇಬಲ್ ತುಂಡಾಯಿತು" ಎಂಬುದು ಸುದ್ದಿ. ಇದರ ಮೇಲೆ ಎರಡು ಪುಟ ಆರಾಮವಾಗಿ ಬರೆಯಬಹುದು. "ನೈಸರ್ಗಿಕ ವಿಕೋಪಗಳು" ಎಂಬುದರ ಮೇಲೆ ಇಪ್ಪತ್ತು ಪುಟ ಬರೆದರೂ ಏನೂ ಹೇಳಿದಂತಾಗುವುದಿಲ್ಲ.

ಇವತ್ತು ಬೆಳಿಗ್ಗೆ ಸಿಡಿದ ಸುದ್ದಿಯನ್ನು ಇವತ್ತೇ ಹಿಡಿಯಬೇಡಿ. ಕನಿಷ್ಠ ನಾಲ್ಕೈದು ದಿನ ಹಳೆಯದಾಗಿರಲಿ. ಮೊದಲ ದಿನದ ಸಾವಿನ ಸಂಖ್ಯೆ, ಕಾರಣ, ಹೊಣೆ ಯಾರದ್ದೆಂಬ ಮಾತು ಮೂರೂ ಬದಲಾಗುತ್ತವೆ. ನೀವು ಬರೆದು ಒಪ್ಪಿಸುವ ಹೊತ್ತಿಗೆ ನಿಮ್ಮ ಬುನಾದಿಯೇ ಕುಸಿದಿರುತ್ತದೆ. ತೀರಾ ಹಳೆಯದನ್ನು ಆರಿಸಿದರೆ ಬೇರೆ ತೊಂದರೆ: ಅದರ ಬಗ್ಗೆ ಎಲ್ಲರೂ ಎಲ್ಲವನ್ನೂ ಹೇಳಿ ಮುಗಿಸಿರುತ್ತಾರೆ, ನಿಮ್ಮ ಯೋಚನೆಗೆ ಜಾಗ ಉಳಿಯುವುದಿಲ್ಲ.

ಎಡಪುಟ, ಬಲಪುಟ

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಎಡಪುಟದಲ್ಲಿ ವರದಿಯಲ್ಲಿ ಇರುವುದು ಮಾತ್ರ: ಯಾರು, ಏನು, ಯಾವಾಗ, ಸಂಖ್ಯೆ, ಯಾರು ಹೇಳಿದ್ದು. ಬಲಪುಟದಲ್ಲಿ ನಿಮಗೆ ಅನ್ನಿಸಿದ್ದು ಮತ್ತು ಅರ್ಥವಾಗದ್ದು. ಎರಡನ್ನೂ ಒಂದೇ ಪುಟದಲ್ಲಿ ಬೆರೆಸಿ ಬರೆದುಕೊಂಡರೆ ಮೂರು ದಿನದ ನಂತರ ಯಾವುದು ವರದಿಯ ಮಾತು, ಯಾವುದು ನಿಮ್ಮ ಊಹೆ ಎಂದು ನಿಮಗೇ ಗೊತ್ತಾಗುವುದಿಲ್ಲ. ಪ್ರತಿ ಟಿಪ್ಪಣಿಯ ಪಕ್ಕ ಓದಿದ ದಿನಾಂಕ ಹಾಕಿ. ಬಲಪುಟ ಖಾಲಿ ಬಿದ್ದಿದ್ದರೆ ಇನ್ನೂ ಬರೆಯಲು ಕೂರುವ ಹೊತ್ತಾಗಿಲ್ಲ ಎಂದೇ ಅರ್ಥ.

ಮೂರು ವರದಿಗಳನ್ನು ಓದಬೇಕು ಎಂಬುದು ಎಲ್ಲರಿಗೂ ಗೊತ್ತು. ಎಣಿಸುವ ಬಗೆಯಲ್ಲೇ ಎಡವುತ್ತಾರೆ. ಮೂರು ಪತ್ರಿಕೆಗಳಲ್ಲಿ ಬಂದ ವರದಿಯ ತುದಿಯಲ್ಲೋ ತಲೆಯಲ್ಲೋ "ರಾಯಿಟರ್ಸ್" ಎಂದಿದ್ದರೆ ಅದು ಮೂರಲ್ಲ, ಒಂದೇ ವರದಿ. ರಾಯಿಟರ್ಸ್, ಎಪಿ, ಎಎಫ್‌ಪಿ ಈ ಮೂರು ಸುದ್ದಿಸಂಸ್ಥೆಗಳಿಂದಲೇ ಜಗತ್ತಿನ ಬಹುಪಾಲು ಪತ್ರಿಕೆಗಳು ದೂರದ ಸುದ್ದಿಯನ್ನು ಪಡೆಯುತ್ತವೆ. ಹಾಗಾಗಿ ಒಂದು ಸುದ್ದಿಸಂಸ್ಥೆಯ ವರದಿ, ಘಟನೆ ನಡೆದ ದೇಶದ್ದೇ ಒಂದು ಪತ್ರಿಕೆ, ಸಾಧ್ಯವಾದರೆ ಒಂದು ಮೂಲ ದಾಖಲೆ (ತೀರ್ಪು, ನಿರ್ಣಯ, ಅಧಿಕೃತ ಪ್ರಕಟಣೆ) ಎಂದು ಲೆಕ್ಕ ಹಾಕಿ.

ಓದುವಾಗ ವಾಕ್ಯದ ಬಾಲದ ಮೇಲೆ ಕಣ್ಣಿರಲಿ. ಕನ್ನಡ ವರದಿಯಲ್ಲಿ ಗುಟ್ಟೆಲ್ಲ ಅಲ್ಲೇ ಇರುತ್ತದೆ. "ದಾಳಿ ನಡೆಸಿದೆ", "ದಾಳಿ ನಡೆಸಿದೆ ಎಂದು ಆರೋಪಿಸಿದೆ", "ದಾಳಿ ನಡೆಸಿದೆ ಎನ್ನಲಾಗಿದೆ" ಈ ಮೂರೂ ಬೇರೆ ಬೇರೆ. ಮೊದಲನೆಯದಕ್ಕೆ ವರದಿಗಾರರೇ ಜವಾಬ್ದಾರರು. ಎರಡನೆಯದಕ್ಕೆ ಆರೋಪಿಸಿದವರು. ಮೂರನೆಯದಕ್ಕೆ ಯಾರೂ ಇಲ್ಲ. ವಿದ್ಯಾರ್ಥಿಗಳ ಬರಹದಲ್ಲಿ "ಎನ್ನಲಾಗಿದೆ" ಉದುರಿಹೋಗಿ "ನಡೆಸಿದೆ" ಉಳಿದುಬಿಡುತ್ತದೆ. ಒಂದು ಪದ ಬಿಟ್ಟದ್ದಕ್ಕೆ ಆರೋಪವೇ ಸತ್ಯವಾಗಿ ಕೂರುತ್ತದೆ.

ಸಂಖ್ಯೆಗಳಲ್ಲಿ ಹೆಚ್ಚಿನ ಅನಾಹುತ ಆಗುವುದು ಅನುವಾದದಲ್ಲಿ. ಮಿಲಿಯನ್ ಅಂದರೆ 10 ಲಕ್ಷ, ಬಿಲಿಯನ್ ಅಂದರೆ 100 ಕೋಟಿ, ಟ್ರಿಲಿಯನ್ ಅಂದರೆ ಒಂದು ಲಕ್ಷ ಕೋಟಿ. ಇದನ್ನು ನೋಟ್‌ಬುಕ್‌ನ ಒಳರಕ್ಷಾಪುಟದಲ್ಲಿ ಬರೆದಿಟ್ಟುಕೊಳ್ಳಿ. ಬಿಲಿಯನ್ನನ್ನು "ಕೋಟಿ" ಎಂದು ಬರೆದು ನೂರು ಪಟ್ಟು ಇಳಿಸಿದ ಪ್ರಬಂಧಗಳು ಬೇಕಾದಷ್ಟಿವೆ. ಇನ್ನೊಂದು ಶೇಕಡಾ ಲೆಕ್ಕ: ಬಡ್ಡಿ ದರ ಶೇ 4ರಿಂದ ಶೇ 5ಕ್ಕೆ ಏರಿದರೆ ಅದು "ಶೇ 1ರಷ್ಟು ಏರಿಕೆ" ಅಲ್ಲ. ಇದ್ದದ್ದಕ್ಕಿಂತ ಶೇ 25ರಷ್ಟು ಏರಿಕೆ. ಗೊಂದಲ ಬೇಡವೆಂದರೆ "4ರಿಂದ 5ಕ್ಕೆ" ಎಂದೇ ಬರೆಯಿರಿ.

ದಾರಿ ಹುಡುಕುವುದು

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. 2021ರ ಮಾರ್ಚ್ 23ರಂದು ಎವರ್ ಗಿವನ್ ಎಂಬ 400 ಮೀಟರ್ ಉದ್ದದ ಕಂಟೇನರ್ ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಹಾಕಿಕೊಂಡಿತು. ಮಾರ್ಚ್ 29ರಂದು ಬಿಡಿಸಿದರು. ಯಾರೂ ಬಾಂಬ್ ಹಾಕಲಿಲ್ಲ, ಸರ್ಕಾರ ಬೀಳಲಿಲ್ಲ. ಆದರೂ ಅದು ಜಗತ್ತಿನ ಸುದ್ದಿ. ಯಾಕೆ?

ಮೊದಲು ಜಾಗ. ನಕ್ಷೆ ತೆರೆಯದೆ ಇದು ಅರ್ಥವಾಗುವುದಿಲ್ಲ. ಮೆಡಿಟರೇನಿಯನ್ ಸಮುದ್ರವನ್ನೂ ಕೆಂಪು ಸಮುದ್ರವನ್ನೂ ಜೋಡಿಸುವ, 193 ಕಿ.ಮೀ. ಉದ್ದದ ಈ ಕಾಲುವೆಯ ಮೂಲಕ ಜಗತ್ತಿನ ವ್ಯಾಪಾರದ ಸುಮಾರು ಶೇ 12ರಷ್ಟು ಸಾಗುತ್ತಿತ್ತು. 2015ರಲ್ಲಿ ಒಂದು ಭಾಗಕ್ಕೆ ಸಮಾನಾಂತರವಾಗಿ ಎರಡನೇ ಕಾಲುವೆ ತೋಡಿದ್ದರು. ಹಡಗು ಸಿಕ್ಕಿಕೊಂಡದ್ದು ಅದಿಲ್ಲದ ದಕ್ಷಿಣದ ತುದಿಯಲ್ಲಿ. ಐವತ್ತು ಕಿಲೋಮೀಟರ್ ಉತ್ತರಕ್ಕೆ ಸಿಕ್ಕಿದ್ದರೆ ಕತೆಯೇ ಬೇರೆ ಇರುತ್ತಿತ್ತೇನೋ ಎಂಬ ಸಾಲು ಬಲಪುಟಕ್ಕೆ ಹೋಗಬೇಕಾದದ್ದು.

ಆಮೇಲೆ "ಯಾರದ್ದು" ಎಂಬ ಪ್ರಶ್ನೆ. ಹಡಗಿನ ಮಾಲೀಕರು ಜಪಾನಿನವರು, ಓಡಿಸುತ್ತಿದ್ದ ಕಂಪನಿ ತೈವಾನಿನದು, ಮೇಲೆ ಹಾರುತ್ತಿದ್ದದ್ದು ಪನಾಮಾದ ಬಾವುಟ, 25 ಸಿಬ್ಬಂದಿ ಭಾರತೀಯರು, ಸರಕು ಏಷ್ಯಾದಿಂದ ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಮ್ ಕಡೆಗೆ, ನಿಂತದ್ದು ಈಜಿಪ್ಟಿನಲ್ಲಿ. "ಜಾಗತಿಕ" ಎಂಬ ಪದವನ್ನು ಹತ್ತು ಸಲ ಬರೆಯುವ ಬದಲು ಈ ಒಂದು ವಾಕ್ಯ ಬರೆದರೆ ಸಾಕು.

ಮೂರನೆಯದು ಪರ್ಯಾಯ. ಕಾಲುವೆ ಇಲ್ಲದಿದ್ದರೆ ಆಫ್ರಿಕಾದ ದಕ್ಷಿಣದ ಗುಡ್ ಹೋಪ್ ಭೂಶಿರ ಸುತ್ತಿ ಬರಬೇಕು. ಒಂದು ವಾರಕ್ಕೂ ಹೆಚ್ಚು ಹಿಡಿಯುತ್ತದೆ, ಇಂಧನ ಬೇರೆ. ಪರ್ಯಾಯ ಎಷ್ಟು ದುಬಾರಿಯೋ ಸುದ್ದಿ ಅಷ್ಟು ದೂರ ಮುಟ್ಟುತ್ತದೆ. ಟೊಂಗಾದ ಕೇಬಲ್ಲಿಗೂ ಇದೇ ಲೆಕ್ಕ: ಹತ್ತು ಕೇಬಲ್ ಇರುವ ದೇಶದಲ್ಲಿ ಒಂದು ತುಂಡಾದರೆ ಯಾರಿಗೂ ಗೊತ್ತಾಗುವುದಿಲ್ಲ. ಅಲ್ಲಿದ್ದದ್ದು ಒಂದೇ, ರಿಪೇರಿಗೆ ಐದು ವಾರ ಮೀರಿತು.

ನಾಲ್ಕನೆಯದು, ಹಿಂದೆ ಇಂಥದ್ದು ಆಗಿತ್ತೇ ಎಂಬುದು. ಇದೇ ಕಾಲುವೆ ಯುದ್ಧದ ಕಾರಣಕ್ಕೆ 1967ರಿಂದ 1975ರವರೆಗೆ ಎಂಟು ವರ್ಷ ಮುಚ್ಚಿತ್ತು. ಇದನ್ನು ತಿಳಿದ ಮೇಲೆ "ಅಭೂತಪೂರ್ವ" ಎಂಬ ಪದ ತಾನಾಗಿಯೇ ಬಿದ್ದುಹೋಗುತ್ತದೆ.

ಕೊನೆಯದು ಬಾಲ. ಹಡಗು ತೇಲಿದ ಮರುದಿನ ಪತ್ರಿಕೆಗಳು ಸುಮ್ಮನಾದವು. ಕಾಲುವೆ ಪ್ರಾಧಿಕಾರ ಮಾತ್ರ ಹಡಗನ್ನು ಬಿಡಲಿಲ್ಲ, 91.6 ಕೋಟಿ ಡಾಲರ್ ಪರಿಹಾರ ಕೇಳಿ, ಆಮೇಲೆ 55 ಕೋಟಿಗೆ ಇಳಿದು, ಒಪ್ಪಂದವಾದ ಮೇಲೆ ಜುಲೈ 7ರಂದು ಕಳಿಸಿಕೊಟ್ಟಿತು. ಅಷ್ಟು ದಿನ ಸಿಬ್ಬಂದಿಯಲ್ಲಿ ಹೆಚ್ಚಿನವರೂ ಸರಕೂ ಅಲ್ಲೇ. ಮುಖಪುಟದಿಂದ ಸುದ್ದಿ ಇಳಿದ ಮೇಲೆ ಏನಾಯಿತು ಎಂದು ಹುಡುಕುವವರು ಕಡಿಮೆ, ಹಾಗಾಗಿ ನಿಮ್ಮ ಬರಹಕ್ಕೆ ಹೊಸತನ ಸಿಗುವುದು ಹೆಚ್ಚಾಗಿ ಇಲ್ಲೇ.

ಎಲ್ಲ ಸುದ್ದಿಯೂ ಸರಕಿನ ದಾರಿ ಹಿಡಿಯುವುದಿಲ್ಲ. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿ ಗಾಳಿಯ ದಾರಿ ಹಿಡಿದು ಯುರೋಪಿನ ವಿಮಾನಗಳನ್ನು ನೆಲಕ್ಕಿಳಿಸಿತು. ಕೆಲವು ಸುದ್ದಿ ವಲಸೆಯ ದಾರಿ ಹಿಡಿಯುತ್ತವೆ, ಕೆಲವು ರೋಗಾಣುವಿನದು. ನ್ಯಾಯಾಲಯದ ತೀರ್ಪು ಇನ್ನೂ ನಿಧಾನ. ಅದರಿಂದ ಇವತ್ತು ಏನೂ ಬದಲಾಗದೆ ಹತ್ತು ವರ್ಷದ ನಂತರ ಬೇರೊಂದು ದೇಶದ ವಕೀಲರು ಅದನ್ನು ಎತ್ತಿ ತೋರಿಸಬಹುದು. ಯಾವ ದಾರಿಯೂ ಕಾಣದಿದ್ದರೆ ಒತ್ತಾಯದಿಂದ ಕಟ್ಟಬೇಡಿ. ಆ ಸುದ್ದಿ ಅಲ್ಲಿನ ಜನಕ್ಕೆ ದೊಡ್ಡದು, ಹೊರಗಿನವರಿಗೆ ಅಲ್ಲ ಎಂದು ಬರೆಯುವುದೂ ಒಂದು ಸರಿಯಾದ ಉತ್ತರವೇ.

ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ

ಯೋಚನೆ ಹರಿಯದೆ ನಿಂತರೆ ಜೋಡಿ ಹುಡುಕಿ. 2010ರ ಜನವರಿ 12ರಂದು ಹೈಟಿಯಲ್ಲಿ 7.0 ತೀವ್ರತೆಯ ಭೂಕಂಪ. ಫೆಬ್ರವರಿ 27ರಂದು ಚಿಲಿಯಲ್ಲಿ 8.8. ಈ ಅಳತೆಯಲ್ಲಿ ಒಂದು ಅಂಕಿ ಏರಿದರೆ ಹೊರಬರುವ ಶಕ್ತಿ ಸುಮಾರು 32 ಪಟ್ಟು, 1.8ರ ಅಂತರಕ್ಕೆ ಸುಮಾರು 500 ಪಟ್ಟು. ಚಿಲಿಯಲ್ಲಿ ಸತ್ತವರು ಐನೂರರ ಆಸುಪಾಸು. ಹೈಟಿಯಲ್ಲಿ ತೀರಾ ಕಡಿಮೆ ಅಂದಾಜಿನ ಪ್ರಕಾರವೂ ಹತ್ತಾರು ಸಾವಿರ. ಹೆಚ್ಚಿನವು ಲಕ್ಷ ದಾಟುತ್ತವೆ. ಹೈಟಿಯ ಭೂಕಂಪ ನೆಲಮಟ್ಟಕ್ಕೆ ಹತ್ತಿರ, ಕಿಕ್ಕಿರಿದ ರಾಜಧಾನಿಯ ಪಕ್ಕದಲ್ಲೇ ಆಯಿತು ಎಂಬುದು ಒಂದು ಕಾರಣ. 1960ರಲ್ಲಿ 9.5 ತೀವ್ರತೆಯ ಭೂಕಂಪ ಕಂಡಿದ್ದ ಚಿಲಿ ಕಟ್ಟಡದ ನಿಯಮಗಳನ್ನು ಬಿಗಿಗೊಳಿಸಿ ಪಾಲಿಸುತ್ತಿತ್ತು, ಹೈಟಿಯಲ್ಲಿ ಅಂಥದ್ದು ಜಾರಿಯಲ್ಲಿರಲಿಲ್ಲ ಎಂಬುದು ಇನ್ನೊಂದು. ಎರಡನ್ನೂ ಬರೆಯಿರಿ. ಎರಡನೆಯದನ್ನು ಮಾತ್ರ ಬರೆದರೆ ವಾದ ಚೆನ್ನಾಗಿ ಕಾಣುತ್ತದೆ, ಆದರೆ ಅರ್ಧಸತ್ಯ.

ಬರೆಯಲು ಕೂತಾಗ

ಎರಡು ಪುಟ ಅಂದರೆ ಸುಮಾರು 600 ಪದ. ಸುದ್ದಿಯ ಸಾರಾಂಶಕ್ಕೆ 120 ಪದ ಮೀರಬೇಡಿ. ಓದುವವರಿಗೆ ಸುದ್ದಿ ಗೊತ್ತಿರುತ್ತದೆ. ದಾರಿಯನ್ನು ಬಿಡಿಸಲು 300. ನಿಮ್ಮ ವಾದಕ್ಕೆ ಒಗ್ಗದ ಒಂದು ಸಂಗತಿಗೆ 80. ಉಳಿದದ್ದು ನಿಮ್ಮ ಮನಸ್ಸು ಎಲ್ಲಿ ಬದಲಾಯಿತು, ಏನು ಇನ್ನೂ ಗೊಂದಲ ಎಂಬುದಕ್ಕೆ. ಈ ಕೊನೆಯ ಭಾಗವನ್ನೇ "ಚಿಂತನೆ" ಅನ್ನುವುದು. ಬಹಳ ಮಂದಿ ಇದನ್ನು ಹಾರಿಸಿ ವಿಶ್ವಶಾಂತಿಗೆ ಹೋಗಿಬಿಡುತ್ತಾರೆ.

ಸಾಮಾನ್ಯವಾಗಿ ಬರುವ ಒಂದು ಪ್ಯಾರಾ ಹೀಗಿರುತ್ತದೆ:

"ಸೂಯೆಜ್ ಕಾಲುವೆಯಲ್ಲಿ ಹಡಗು ಸಿಲುಕಿದ ಘಟನೆ ಜಾಗತಿಕ ವ್ಯಾಪಾರದ ಮೇಲೆ ಗಂಭೀರ ಪರಿಣಾಮ ಬೀರಿತು. ಇದರಿಂದ ಅನೇಕ ದೇಶಗಳು ತೊಂದರೆ ಅನುಭವಿಸಿದವು. ಇದರಿಂದ ನಾವೆಲ್ಲರೂ ಪಾಠ ಕಲಿಯಬೇಕಿದೆ."

ಅದನ್ನೇ ಹೀಗೆ ಬರೆಯಬಹುದು:

"ಹಡಗು ಸಿಲುಕಿದ್ದು ಆರು ದಿನ ಮಾತ್ರ. ಆದರೆ ಕಾದು ನಿಂತಿದ್ದ ಹಡಗುಗಳು ಬಿಡುಗಡೆಯಾದ ಮೇಲೆ ಬಂದರುಗಳಿಗೆ ಒಟ್ಟಿಗೇ ನುಗ್ಗಿದವು, ಇಳಿಸುವ ಕೆಲಸ ಹಿಂದೆ ಬಿತ್ತು, ಖಾಲಿ ಕಂಟೇನರುಗಳು ಏಷ್ಯಾಕ್ಕೆ ಮರಳುವುದು ತಡವಾಯಿತು. ಸರಕು ತಡವಾದದ್ದನ್ನಷ್ಟೇ ನಾನು ಮೊದಲು ಗಮನಿಸಿದ್ದೆ. ಸರಕು ತುಂಬುವ ಡಬ್ಬವೇ ಸಿಗದಿದ್ದರೆ ಮುಂದಿನ ಸರಕೂ ನಿಲ್ಲುತ್ತದೆ ಎಂಬುದು ಆಮೇಲೆ ತಿಳಿಯಿತು. ಆದರೆ ಆ ಹೊತ್ತಿಗೆ ಕೋವಿಡ್‌ನಿಂದಾಗಿ ಕಂಟೇನರುಗಳ ಕೊರತೆ ಮೊದಲೇ ಇತ್ತು. ಎಷ್ಟು ಪಾಲು ಈ ಹಡಗಿನದು ಎಂದು ಬೇರ್ಪಡಿಸುವುದು ಕಷ್ಟ."

ಎರಡನೆಯದರಲ್ಲಿ "ಗಂಭೀರ" ಎಂಬ ಪದವೇ ಇಲ್ಲ. ಒಂದರ ಹಿಂದೆ ಒಂದು ಸಂಭವಿಸಿದ್ದು ಇದೆ, ಬರೆದವರ ಮೊದಲ ತಪ್ಪು ಇದೆ, ವಾದದ ಮಿತಿಯೂ ಇದೆ.

ಹೆಸರುಗಳಲ್ಲಿ ಎಡವುವುದು

"ವಿಶ್ವಸಂಸ್ಥೆ ಆದೇಶಿಸಿದೆ" ಎಂದು ಬರೆಯುವ ಮುನ್ನ ಯಾವ ಅಂಗ ಎಂದು ನೋಡಿ. ಸಾಮಾನ್ಯ ಸಭೆಯಲ್ಲಿ 193 ದೇಶಗಳಿಗೂ ತಲಾ ಒಂದು ಮತ. ಅಲ್ಲಿನ ನಿರ್ಣಯಗಳು ಬಹುಮಟ್ಟಿಗೆ ಶಿಫಾರಸು. ಭದ್ರತಾ ಮಂಡಳಿಯಲ್ಲಿ 15 ದೇಶಗಳು, ಐದಕ್ಕೆ ವೀಟೋ, ಅಂದರೆ ಒಬ್ಬರೇ ನಿರ್ಣಯವನ್ನು ತಡೆಯುವ ಅಧಿಕಾರ. ಅದರ ತೀರ್ಮಾನಗಳಿಗೆ ದೇಶಗಳು ಬದ್ಧವಾಗಿರಬೇಕು. ಹೇಗ್ ನಗರದಲ್ಲಿರುವ ಎರಡು ನ್ಯಾಯಾಲಯಗಳನ್ನು ಕಲಸಿಬಿಡುವುದಂತೂ ಮಾಮೂಲು. ಅಂತರರಾಷ್ಟ್ರೀಯ ನ್ಯಾಯಾಲಯ ವಿಶ್ವಸಂಸ್ಥೆಯ ಅಂಗ, ಅಲ್ಲಿ ದೇಶದ ವಿರುದ್ಧ ದೇಶ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2002ರಿಂದ ಇರುವ ಪ್ರತ್ಯೇಕ ಸಂಸ್ಥೆ, ಅಲ್ಲಿ ಕಟಕಟೆಗೆ ಬರುವುದು ವ್ಯಕ್ತಿ. ಹೀಗೆಯೇ, ಕೋವಿಡ್ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ನಿಯಮದ ಪ್ರಕಾರ ತುರ್ತುಸ್ಥಿತಿ ಘೋಷಿಸಿದ್ದು 2020ರ ಜನವರಿ 30ರಂದು. ಎಲ್ಲರ ನೆನಪಿನಲ್ಲಿರುವ ಮಾರ್ಚ್ 11 ಅದನ್ನು ಜಾಗತಿಕ ಪಿಡುಗು ಎಂದು ಕರೆದ ದಿನ.

ಫೋಟೋ ಅಂಟಿಸುವುದಿದ್ದರೆ ಅದನ್ನು ಚಿತ್ರ-ಹುಡುಕಾಟಕ್ಕೆ ಹಾಕಿ ಮೊದಲು ಕಾಣಿಸಿಕೊಂಡ ವರ್ಷ ನೋಡಿ. ಹಳೆಯ ಯುದ್ಧದ ಚಿತ್ರ ಹೊಸ ಯುದ್ಧಕ್ಕೆ ಓಡಾಡುವುದು ದಿನನಿತ್ಯದ ಸಂಗತಿ. ತಾರೀಕು ಘಟನೆ ನಡೆದ ಸ್ಥಳದ್ದಿರಲಿ, ನೀವು ಓದಿದ ದಿನದ್ದಲ್ಲ.

ಒಪ್ಪಿಸುವ ಹಿಂದಿನ ರಾತ್ರಿ ಸಂಖ್ಯೆಗಳನ್ನಷ್ಟೇ ಇನ್ನೊಮ್ಮೆ ಹುಡುಕಿ. ಬದಲಾಗಿದ್ದರೆ ತಿದ್ದಿ, ಕೊನೆಯ ಸಾಲಿನ ಕೆಳಗೆ "ಮಾಹಿತಿ ಇಂಥ ದಿನಾಂಕದವರೆಗಿನದು" ಎಂದು ಸಣ್ಣಕ್ಷರದಲ್ಲಿ ಬರೆದು ದಿನಾಂಕ ಹಾಕಿ.