ಎದೆಯುರಿಯ ಮಾತ್ರೆ ನುಂಗುವವರು ಊಟದ ವಿಷಯದಲ್ಲಿ ಎಚ್ಚರವಾಗಿರಿ

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕದ ಕಡೆ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುವವರಿದ್ದಾರೆ. ಅವರು ದಯವಿಟ್ಟು ಇದನ್ನು ಓದಬೇಕು.

ಹೊಟ್ಟೆಯ ಆಮ್ಲ ಬರೀ ಉರಿ ತರುವ ಶತ್ರುವಲ್ಲ. ಊಟದೊಂದಿಗೆ ಒಳಹೋಗುವ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್‌ನಂಥ ರೋಗಾಣುಗಳಲ್ಲಿ ಹೆಚ್ಚಿನವನ್ನು ಕೊಲ್ಲುವುದು ಅದೇ. ಖಾಲಿ ಹೊಟ್ಟೆಯ ಪಿಎಚ್ (ಆಮ್ಲದ ತೀವ್ರತೆಯ ಅಳತೆ, ಅಂಕಿ ಕಡಿಮೆಯಾದಷ್ಟೂ ಆಮ್ಲ ಹೆಚ್ಚು) ಸಾಮಾನ್ಯವಾಗಿ 1ರಿಂದ 3ರ ನಡುವೆ ಇರುತ್ತದೆ. ಈ ಮಾತ್ರೆಗಳು ಆಮ್ಲವನ್ನು ತಗ್ಗಿಸಿ ಪಿಎಚ್ ಅನ್ನು ದಿನದ ಬಹಳ ಹೊತ್ತು 4ಕ್ಕಿಂತ ಮೇಲೆ ಇಡುತ್ತವೆ. ಆಗ ರೋಗಾಣುಗಳು ಬದುಕಿ ಕರುಳು ಸೇರುವುದು ಸುಲಭ.

ರಾತ್ರಿ ಮಿಕ್ಕ ಬಂಗುಡೆ ಸಾರನ್ನು ಒಲೆಯ ಮೇಲೆಯೇ ಬಿಡಬೇಡಿ. ಎರಡು ಗಂಟೆಯೊಳಗೆ ಫ್ರಿಜ್‌ನಲ್ಲಿಡಿ. ಮರುದಿನ ಪಾತ್ರೆಯ ಅಂಚು ಬಿಸಿಯಾದರೆ ಸಾಲದು, ನಡುಭಾಗವೂ ಕೊತಕೊತ ಕುದಿಯಬೇಕು. ರಾತ್ರಿಯಿಡೀ ಹೊರಗೇ ಉಳಿದ ಮೀನು ಸಾರು, ಅನ್ನವನ್ನು ಚೆಲ್ಲಿಬಿಡಿ, ಅವುಗಳಲ್ಲಿ ಹುಟ್ಟುವ ವಿಷ ಬಿಸಿ ಮಾಡಿದರೂ ಹೋಗದು. ಮಳೆಗಾಲದಲ್ಲಿ ಬಾವಿ ನೀರನ್ನು ಕುದಿಸಿಯೇ ಕುಡಿಯಿರಿ. ಹಸಿ ಮೊಟ್ಟೆಯ ಮಯೋನೈಸನ್ನು ಕೇರಳ ಸರ್ಕಾರ 2023ರಲ್ಲೇ ನಿಷೇಧಿಸಿತು. ಅಂಗಡಿಯಲ್ಲಿ ಕೇಳಿಯೇ ತಿನ್ನಿ, ಕೇಳಲು ನಾಚಿಕೆ ಬೇಡ.

ಹಾಗೆಂದು ಮಾತ್ರೆಯನ್ನು ತಟ್ಟನೆ ನಿಲ್ಲಿಸಬೇಡಿ, ಉರಿ ಇಮ್ಮಡಿಯಾಗಿ ಮರಳಬಹುದು. ಇನ್ನೂ ಎಷ್ಟು ದಿನ ಬೇಕೆಂದು ವೈದ್ಯರನ್ನು ಕೇಳಿ. ಭೇದಿಯೊಂದಿಗೆ ಜ್ವರ ಅಥವಾ ರಕ್ತ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ.