ಮೂರು ಸ್ಕ್ರೀನ್, ಏಳು ಬಣ್ಣ: ನನ್ನ ಅನುಭವ

ಇದು ಸ್ಕ್ರೀನ್ ಪ್ರಿಂಟಿಂಗ್, ಫ್ರೇಮಿಗೆ ಬಿಗಿದ ನೂಲಿನ ಬಲೆಯ (ಮೆಶ್) ಮೂಲಕ ಇಂಕನ್ನು ಹಾಳೆಗೆ ಇಳಿಸುವ ಕೆಲಸ. ವೃತ್ತ, ತ್ರಿಕೋನ, ಚೌಕ ಒಂದರ ಮೇಲೊಂದು ಹಾಯುವ ವಿನ್ಯಾಸ. ಮೂರೇ ಇಂಕ್, ಇಂಕಿಗೊಂದು ಸ್ಕ್ರೀನ್; ಪದರಗಳು ಕೂಡಿದಲ್ಲಿ ಹೊಸ ಬಣ್ಣ ಹುಟ್ಟಿ ಹಾಳೆಯ ಮೇಲೆ ಏಳು ಬಣ್ಣ ಬರಬೇಕು. ‘ವಾಟರ್‌ಬೇಸ್ ಇಂಕನ್ನು ಕೈಯಲ್ಲಿ ಎಳೆದರೆ ಬಣ್ಣ ಕೂಡುವಲ್ಲಿ ಕೆಸರೇ ಗತಿ’ ಅಂದವರೇ ಎಲ್ಲರೂ. ಮೊದಲ ಮೂವತ್ತು ಹಾಳೆ ನೋಡಿದ್ದರೆ ಅವರೇ ಗೆದ್ದಂತಿತ್ತು. ಈಗ ನಲವತ್ತು ಎಳೆದರೆ ಮೂವತ್ನಾಲ್ಕೋ ಮೂವತ್ತೈದೋ ಸಹಿ ಹಾಕುವಂತೆ ಬರುತ್ತವೆ.

ಕೆಸರು ಇದ್ದದ್ದು ಇಂಕಿನ ಡಬ್ಬಿಯಲ್ಲೇ. ರೆಡಿಮೇಡ್ ಬಣ್ಣಗಳಲ್ಲಿ ಎಷ್ಟೋ ಎರಡು ಮೂರು ಪಿಗ್ಮೆಂಟ್ (ಬಣ್ಣದ ಪುಡಿ) ಬೆರೆತವು. ಮೂರು ಪದರ ಕೂಡುವಷ್ಟರಲ್ಲಿ ಆರೇಳು ಪಿಗ್ಮೆಂಟ್ ಕುಸ್ತಿಗೆ ನಿಂತಿರುತ್ತವೆ. ಹಾಗಾಗಿ ಡಬ್ಬಿಯ ಮೇಲಿನ ಪಿಗ್ಮೆಂಟ್ ಕೋಡ್ ನೋಡಿ ಒಂಟಿ ಪಿಗ್ಮೆಂಟಿನವನ್ನೇ ಹಿಡಿದೆ: ಹಳದಿಗೆ ಪಿವೈ 3, ಮಜೆಂಟಾಗೆ ಪಿಆರ್ 122, ನೀಲಿಗೆ ಪಿಬಿ 15:3. ಮೂರನ್ನೂ ಸಮ ಅಳತೆಯಲ್ಲಿ ಹಾಕಿದ್ದು ಇನ್ನೊಂದು ಪೆಟ್ಟು. ಥ್ಯಾಲೋ ನೀಲಿ, ಅಂದರೆ ಆ ಪಿಬಿ 15:3, ಹಳದಿಯನ್ನು ನುಂಗಿ ನೀರು ಕುಡಿಯಿತು, ಹಸಿರು ಬರಬೇಕಾದ ಕಡೆ ಕೊಳದ ಪಾಚಿ. ಈಗ 100 ಗ್ರಾಂ ಬಣ್ಣವಿಲ್ಲದ ಟ್ರಾನ್ಸ್‌ಪರೆಂಟ್ ಬೇಸ್‌ಗೆ ಹಳದಿ 14–15 ಗ್ರಾಂ, ಮಜೆಂಟಾ 6ರ ಆಸುಪಾಸು, ನೀಲಿ 2 ಮೀರುವುದಿಲ್ಲ. ನಿಮ್ಮ ಬಣ್ಣದ ಕಾನ್ಸಂಟ್ರೇಟ್ ಎಷ್ಟು ಗಾಢ ಅನ್ನುವುದರ ಮೇಲೆ ಇದು ಬದಲಾಗುತ್ತದೆ, ಪಟ್ಟಿ ಎಳೆದು ನೋಡಿಕೊಳ್ಳಿ. ಹಳದಿ ಮೊದಲೇ ಹೋಗಬೇಕು. ಬೇಸ್ ಒಣಗಿದ ಮೇಲೂ ಚೂರು ಹಾಲಿನಂತೆ ಉಳಿಯುತ್ತದೆ. ಹಳದಿಯನ್ನು ನೀಲಿಯ ಮೇಲೆ ಹೊಡೆದರೆ ಸುಣ್ಣ ಬಳಿದಂತೆ.

ಅಂಚಿನದು ಬೇರೆಯೇ ರಗಳೆ. ಸೆಂ.ಮೀ.ಗೆ 77 ನೂಲಿನ ಮೆಶ್‌ನಲ್ಲಿ ತ್ರಿಕೋನದ ಓರೆ ಗೆರೆ ಗರಗಸದ ಹಲ್ಲಾಯಿತು. ಗೆರೆ ನೂಲಿಗೆ ಸಮಾನಾಂತರದಿಂದ ಸ್ವಲ್ಪವೇ ಓರೆಯಾದಾಗ ಇದು ಅತಿ ಕೆಟ್ಟದು. 120ಕ್ಕೆ ಏರಿದೆ, ಆಕಾರ ಅಚ್ಚಾದ ಮೂರೂ ಫಿಲ್ಮನ್ನು ನೂಲಿಗೆ ಒಂದೇ ಸಮ 22 ಡಿಗ್ರಿ ತಿರುಗಿಸಿ ಕೂರಿಸಿದೆ. ದೊಡ್ಡ ಫ್ರೇಮ್ ಬೇಕಾಯಿತು, ಖರ್ಚು ಬಿತ್ತು. ಮೆಶ್ಶಿಗೆ ಬಳಿಯುವ, ಬೆಳಕಿಗೆ ಗಟ್ಟಿಯಾಗುವ ಎಮಲ್ಷನ್ ಕಾಗದದ ಬದಿಗೆ ಎರಡು ಕೋಟ್, ಸ್ಕ್ವೀಜಿ (ಇಂಕ್ ಎಳೆಯುವ ರಬ್ಬರ್ ಪಟ್ಟಿ) ಬದಿಗೆ ಒಂದು. ಒಣಗಿದ ಮೇಲೆ ಕಾಗದದ ಬದಿಗೇ ಮತ್ತೊಂದು ತೆಳು ಕೋಟ್. ಅಂಚನ್ನು ಉಳಿಸಿದ್ದು ಆ ಕೊನೆಯ ಕೋಟೇ.

ದುಡ್ಡು ಕರಗಿದ್ದು ಮಾತ್ರ ಕಾಗದಕ್ಕೆ. ಏಳರ ಬದಲು ಮೂರು ಸ್ಕ್ರೀನ್ ಅಂತ ಮೆಶ್, ಫಿಲ್ಮ್, ಎಮಲ್ಷನ್‌ನಲ್ಲಿ ಉಳಿಸಿದ್ದೆಲ್ಲ ಚದರ ಮೀಟರಿಗೆ 300 ಗ್ರಾಂ ತೂಗುವ, ಅಂದರೆ 300 ಜಿಎಸ್‌ಎಂ ಕಾಟನ್ ಹಾಳೆ ತಿಂದು ಹಾಕಿತು. ಇಂಕಿನ ನೀರು ಕುಡಿದು ಹಾಳೆ ಹಿಗ್ಗುತ್ತದೆ: ಮುಂದಿನ ಬಣ್ಣ ಕೂರುವಷ್ಟರಲ್ಲಿ 50 ಸೆಂ.ಮೀ.ಗೆ ಹತ್ತಿರ ಹತ್ತಿರ 1 ಮಿ.ಮೀ. ಜರುಗಿತ್ತು. ಟ್ರ್ಯಾಪ್, ಅಂದರೆ ಸಂದು ಕಾಣದಂತೆ ಅಂಚಿನ ಮೇಲೆ ಅಂಚು ಚೂರು ಹಾಯಿಸುವುದು, ಕೊಟ್ಟರಾಯಿತು ಅಂತ 0.4 ಮಿ.ಮೀ. ಕೊಟ್ಟೆ. ಪಾರದರ್ಶಕ ಇಂಕಿನಲ್ಲಿ ಟ್ರ್ಯಾಪ್ ಮುಚ್ಚಿಕೊಳ್ಳುವುದಿಲ್ಲ, ಕಾಡಿಗೆ ಎಳೆದಂತೆ ಕಪ್ಪು ಗೆರೆಯಾಗಿ ಎದ್ದು ನಿಲ್ಲುತ್ತದೆ. ಕೊನೆಗೆ ವಿನ್ಯಾಸವನ್ನೇ ತಿದ್ದಿದೆ. ಎರಡು ಆಕಾರದ ಅಂಚು ಎಲ್ಲೂ ಬರೀ ತಾಗಬಾರದು. ಹಾಯ್ದರೆ 2 ಸೆಂ.ಮೀ. ಆದರೂ ಒಳಗೆ ಹಾಯಬೇಕು, ಇಲ್ಲವೇ ಬಿಳಿ ಬಿಟ್ಟು ದೂರ ನಿಲ್ಲಬೇಕು. ಆಮೇಲೆ 1 ಮಿ.ಮೀ. ಜರುಗಿದರೂ ಯಾರ ಕಣ್ಣಿಗೂ ಬೀಳಲಿಲ್ಲ. ಮೊದಲ ಬಣ್ಣಕ್ಕೂ ಮುಂಚೆ ಹಾಳೆಗೆ ಒಂದು ಕೆಲಸ ಮಾಡುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ಕೆಟ್ಟ ಹಾಳೆ ಎಸೆಯಲು ಮನಸ್ಸಾಗದೆ ಒಂದೇ ಓಪೇಕ್ (ಕೆಳಗಿನದು ಕಾಣದ) ಬೂದು ಚೌಕವನ್ನು ಹಳದಿಯ ಮೇಲೂ ನೀಲಿಯ ಮೇಲೂ ಹೊಡೆದೆ. ಸುತ್ತಲ ಬಣ್ಣ ನಡುವಿನದನ್ನು ಬೇರೆಯಾಗಿ ತೋರಿಸುವುದು ಚಿತ್ರಕಾರ ಜೋಸೆಫ್ ಆಲ್ಬರ್ಸ್ 1950ರಿಂದ ಚೌಕದೊಳಗೆ ಚೌಕ ಇಟ್ಟು ಕೆದಕಿದ ವಿಷಯವೇ. ಹಳದಿಯ ಮೇಲಿನ ಬೂದು ನೇರಳೆಗೆ ವಾಲಿತು, ನೀಲಿಯ ಮೇಲಿನದು ಬೆಚ್ಚಗಾಗಿ ಕಿತ್ತಳೆಯ ಕಡೆಗೆ. ಸುತ್ತ 1 ಮಿ.ಮೀ. ಬಿಳಿ ಗೆರೆ ಬಿಟ್ಟ ಹಾಳೆಗಳಲ್ಲಿ ಆ ಆಟ ಅರ್ಧಕ್ಕರ್ಧ ಸತ್ತಿತ್ತು. ನಾಲ್ಕನೇ ಸ್ಕ್ರೀನ್ ಆಯಿತಲ್ಲ ಅಂತ ಲೆಕ್ಕ ಹಿಡಿಯಬೇಡಿ, ಅದು ಆ ರದ್ದಿ ಹಾಳೆಗಳಿಗಷ್ಟೇ.