ಹಿತ್ತಲಲ್ಲಿರೋದು ಕೋಗನ್ ಗ್ರಾಸಾ? ಹೀಗೆ ನೋಡಿ

ಅಮೆರಿಕದ ಅಲಬಾಮಾ, ಫ್ಲೋರಿಡಾ, ಮಿಸಿಸಿಪ್ಪಿ ಕಡೆ ಇರೋರು ಇದನ್ನ ಗುರುತು ಹಿಡಿಯೋದು ಕಲೀಲೇಬೇಕು. ತಮಾಷೆ ಏನಂದ್ರೆ ನಮ್ಮಲ್ಲಿ ಎಷ್ಟೋ ಕಡೆ ದರ್ಭೆ ಅಂತ ಶಾಸ್ತ್ರಕ್ಕೆ ತರೋದು ಇದೇ ಹುಲ್ಲು, ಅಲ್ಲಿ ಮಾತ್ರ ದೊಡ್ಡ ಪೀಡೆ. 1912ರ ಸುಮಾರಿಗೆ ಜಪಾನಿಂದ ಬಂದ ಕಿತ್ತಳೆ ಪೆಟ್ಟಿಗೆಗಳಲ್ಲಿ ಪ್ಯಾಕಿಂಗಿಗೆ ತುಂಬಿದ್ದ ಹುಲ್ಲಿನ ಜೊತೆ ಮೊಬೈಲ್ ಅನ್ನೋ ಬಂದರಿಗೆ ಇಳೀತು.

ಮೊದಲು ದೂರದಿಂದ ನೋಡಿ, ಹಳದಿ ಮಿಶ್ರಿತ ಹಸಿರು ಬಣ್ಣದಲ್ಲಿ ದುಂಡಗೆ ಹಬ್ಬಿರತ್ತೆ. ಆಮೇಲೆ ಒಂದು ಎಲೆ ಕಿತ್ತು ಬೆಳಕಿಗೆ ಹಿಡೀರಿ, ಬಿಳಿ ನರ ಸರಿಯಾಗಿ ನಡುವೆ ಇರದೆ ಒಂದು ಪಕ್ಕಕ್ಕೆ ಸರಿದಿದ್ರೆ ಇದೇ ಇರ್ಬೋದು ಅಂತ ಡೌಟು ಶುರು ಮಾಡ್ಕೊಳ್ಳಿ, ನೋಡೋಕೆ ಇದರ ಥರಾನೇ ಇರೋ ಜಾನ್ಸನ್ ಗ್ರಾಸ್ ಅನ್ನೋ ಬೇರೆ ಹುಲ್ಲಲ್ಲಾದ್ರೆ ಆ ನರ ನಟ್ಟನಡುವೆ ಇರತ್ತೆ. ಎಲೆ ಅಂಚು ಗರಗಸದ ಥರ, ಬೆರಳು ಹುಷಾರು. ಆದ್ರೆ ಎಲ್ಲಾ ಎಲೇಲೂ ನರ ಅಷ್ಟು ಸ್ಪಷ್ಟವಾಗಿ ಕಾಣಲ್ಲ, ಅದಕ್ಕೇ ನಾನು ನಂಬೋದು ಬೇರನ್ನ: ಗುದ್ದಲೀಲಿ ಅರ್ಧ ಅಡಿ ಅಗೀರಿ, ಬೇರಿನ ಥರ ಮಣ್ಣೊಳಗೆ ಹಬ್ಬಿರೋ ಬಿಳೀ ಗೆಣ್ಣು ಗೆಣ್ಣು ಇರೋ ಕಾಂಡ, ಮೇಲೆ ಸಿಪ್ಪೆ ಸಿಪ್ಪೆ, ತುದಿ ಸೂಜಿ ಹಾಗೆ ಚುಚ್ಚತ್ತೆ.

ವಸಂತದಲ್ಲಿ ಬೆಳ್ಳಗೆ ಹತ್ತಿ ಥರ ತೆನೆ ಬರತ್ತೆ, ಆಗಂತೂ ಗುರುತು ಸುಲಭ. ಆಗ ಮಾತ್ರ ಮೋವರ್ ಓಡಿಸ್ಬೇಡಿ ಮಾರಾಯ್ರೆ, ಬೀಜ ಗಾಳೀಲಿ ಹಾರತ್ತೆ, ಬೇರಿನ ಚೂರು ಮಣ್ಣಿನ ಜೊತೆ ಅಂಟ್ಕೊಂಡು ಪಕ್ಕದ ಮನೆಗೂ ಹೋಗತ್ತೆ. ಫೋಟೋ ತೆಗೆದು ರಾಜ್ಯದ ಅರಣ್ಯ ಇಲಾಖೆಗೆ ಕಳ್ಸಿ.